ಹಕ್ಕಿ ಕಾಯುವ ಅಂಜಿನಕ್ಕನ ಪ್ರಾರ್ಥನೆ

ಹೊಸಹಳ್ಳಿಯ ಕೊಟ್ರಸ್ವಾಮಿಯವರ ಹೊಲದಲ್ಲಿ ಸಜ್ಜೆ ತೆನೆ ಹಾಲುಗಟ್ಟಿತು ಅಂದರೆ ಮುಂಜಾನೆ ಒಂದು ಕೂಗು ಕೇಳುತ್ತಿತ್ತು. ಮಂಜು ಇನ್ನೂ ಬದುವಿನ ಮೇಲೆ ಮಲಗಿರುತ್ತಿತ್ತು. ಹಕ್ಕಿ ಕಾಯಲು ಕಟ್ಟಿದ ಅಟ್ಟಣಿಗೆ ಕಾಣುತ್ತಿರಲಿಲ್ಲ, ಕೂಗುವವಳೂ ಕಾಣುತ್ತಿರಲಿಲ್ಲ. ಕೂಗು ಮಾತ್ರ ಆ ಬಿಳುಪಿನೊಳಗಿಂದ ಎದ್ದು, ಹೊಲ ದಾಟಿ, ಹಳ್ಳ ದಾಟಿ, ನಮ್ಮ ಓಣಿಯವರೆಗೆ ತೇಲಿ ಬರುತ್ತಿತ್ತು. ಅದರ ಹಿಂದೆಯೇ ಹಕ್ಕಿಯ ಹಿಂಡು ಏಳುವ ಸದ್ದು, ಯಾರೋ ದೊಡ್ಡ ಕಂಬಳಿ ಕೊಡವಿದ ಹಾಗೆ.

ಅದು ಅಂಜಿನಕ್ಕನ ಕೂಗು.

ಆಕೆಯ ತವರು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಹುಲುಗಣ್ಣನ ಕೈ ಹಿಡಿದು ಹೊಸಹಳ್ಳಿಗೆ ಬಂದಳು. ಹುಲುಗಣ್ಣ ಹೊಲ ಕಾಯುವವನು. ಕವಣೆಯಲ್ಲಿ ಕಲ್ಲಿಟ್ಟು ಬೀಸಿದರೆ ಹಕ್ಕಿಗೆ ತಾಗುತ್ತಿರಲಿಲ್ಲ, ಆದರೆ ಹಕ್ಕಿ ಹೆದರುತ್ತಿತ್ತು. ಆಕೆಗೂ ಕಲಿಸಿದ. ಮಗ ಮಾರೇಶ್ ಇನ್ನೂ ಶಾಲೆಗೆ ಹೋಗುವಾಗಲೇ ಹುಲುಗಣ್ಣ ಎದೆನೋವಿನಿಂದ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಆಕೆಯೇ ಅಟ್ಟಣಿಗೆ ಹತ್ತಿದಳು. ಕವಣೆ ಬೀಸುವುದಕ್ಕಿಂತ ಕೂಗುವುದು ಆಕೆಗೆ ಹೆಚ್ಚು ಒಗ್ಗಿತು. ಎತ್ತರದ ಆಳಲ್ಲ, ದಪ್ಪವೂ ಇಲ್ಲ. ಅಷ್ಟು ದೊಡ್ಡ ದನಿ ಎಲ್ಲಿಂದ ಬರುತ್ತದೆ ಅಂತ ಜನ ಕೇಳುತ್ತಿದ್ದರು. ಗಿಳಿಗಳನ್ನು ಕಂಡರೆ ಬೈಗುಳವೂ ಬರುತ್ತಿತ್ತು. ಗುಬ್ಬಿಗೆ ಬೈಯುತ್ತಿರಲಿಲ್ಲ. ಗುಬ್ಬಿ ಹಸಿವಿಗೆ ತಿನ್ನುತ್ತದೆ, ಗಿಳಿ ಸೊಕ್ಕಿಗೆ ತಿನ್ನುತ್ತದೆ ಅನ್ನುತ್ತಿದ್ದಳು.

ಆಕೆ ವಿಶ್ವಾಸಿಯಾದದ್ದು ಅದೇ ಹೊಲದಲ್ಲಿ. ಕೊಟ್ಟೂರಿನಿಂದ ಸ್ಟೀಲ್ ಪಾತ್ರೆ ಮಾರಲು ಹೊನ್ನೂರಮ್ಮ ಅಂತ ಒಬ್ಬಳು ಬರುತ್ತಿದ್ದಳು. ಯೇಸಪ್ಪನನ್ನು ನಂಬಿದವಳು. ಬಿಸಿಲಿಗೆ ಸುಸ್ತಾಗಿ ಅಟ್ಟಣಿಗೆಯ ನೆರಳಲ್ಲಿ ಕೂತು, ಬೀಜ ಬಿತ್ತಿದವನ ಕಥೆ ಹೇಳಿದಳಂತೆ. ಬಿತ್ತುವಾಗ ಕೆಲವು ಬೀಜ ದಾರಿಯಲ್ಲಿ ಬಿದ್ದವು, ಹಕ್ಕಿಗಳು ಬಂದು ತಿಂದುಬಿಟ್ಟವು ಅಂದಾಗ ಅಂಜಿನಕ್ಕ ಮೇಲಿಂದಲೇ ತಡೆದಳು.

"ಹೊಲ ಕಾಯೋರು ಯಾರೂ ಇದ್ದಿಲ್ಲೇನಬೇ?"

ಹೊನ್ನೂರಮ್ಮನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ಹಕ್ಕಿ ಅಂದರೆ ನಿಜವಾದ ಹಕ್ಕಿಯಲ್ಲ, ಮನುಷ್ಯರ ಎದೆಯಿಂದ ಒಳ್ಳೆಯ ಮಾತನ್ನು ಕಿತ್ತುಕೊಂಡು ಹೋಗುವ ವೈರಿ, ಅವನು ಕಣ್ಣಿಗೆ ಕಾಣುವುದಿಲ್ಲ, ಪ್ರಾರ್ಥನೆ ಮಾಡುವವರೇ ಕಾಯುವವರು ಅಂತ ಹೇಳಿದಳು.

"ಹಂಗಾದ್ರ ನಾ ಬರ್ತೀನಿ ಕಾಯಾಕ," ಅಂದಳು ಅಂಜಿನಕ್ಕ.

ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನಲ್ಲಿ ಆಕೆಗೆ ದೀಕ್ಷಾಸ್ನಾನ ಆಯಿತು. ಪಾಸ್ಟರು ಹೊಸ ಹೆಸರು ಕೊಡಲು ಹೋದರು. ಆಕೆ ಒಪ್ಪಲಿಲ್ಲ. ಯೇಸಪ್ಪ ನನ್ನನ್ನು ಕರೆದಾಗ ನಾನು ಅಂಜಿನಿಯೇ ಆಗಿದ್ದೆ, ಈಗ ಹೆಸರು ಬದಲಿಸಿದರೆ ಆತನಿಗೆ ಗುರುತು ಹತ್ತಬೇಕಲ್ಲ ಅಂದಳು. ನೀರಲ್ಲಿ ನಿಂತವರೆಲ್ಲ ನಕ್ಕರು. ಪಾಸ್ಟರೂ ನಕ್ಕರು.

ನಾವು ಪ್ರಾರ್ಥನೆಗೆ ಸೇರುವ ಸಭೆ ಚಿಕ್ಕದು. ತಗಡಿನ ಮಾಡು, ಗೋಡೆಗೆ ಇನ್ನೂ ಸುಣ್ಣ ಇಲ್ಲ. ಅಂಜಿನಕ್ಕ ಬಂದ ಮೇಲೆ ದೂರದ ಊರುಗಳಿಂದ ಜನ ಆಕೆಯನ್ನು ಕರೆಯಲು ಶುರು ಮಾಡಿದರು. ಜ್ವರ ಬಿಡದ ಮಗು, ಕುಡಿತ ಬಿಡದ ಗಂಡ, ಮೈಮೇಲೆ ಏನೋ ಬಂತು ಅಂತ ಹಲ್ಲು ಕಚ್ಚಿ ಬೀಳುವ ಹುಡುಗಿ. ನನ್ನ ಲಗೇಜ್ ಆಟೋದಲ್ಲಿ ಆಕೆಯನ್ನು ಕೊಟ್ಟೂರಿಗೆ, ಹರಪನಹಳ್ಳಿಗೆ, ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದ್ದೇನೆ. ದಾರಿಯಲ್ಲಿ ಆಕೆ ಮಾತಾಡುತ್ತಿರಲಿಲ್ಲ. ಸೆರಗಿನಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಒಂದೊಂದೇ ತಿನ್ನುತ್ತ ಹೊಲಗಳನ್ನು ನೋಡುತ್ತಿದ್ದಳು. ಕರೆದವರ ಮನೆಗೆ ಹೋದ ಮೇಲೆ ಬಾಗಿಲಲ್ಲಿ ನಿಂತು ಮಾಡಿನ ಕಡೆ ನೋಡುತ್ತಿದ್ದಳು. ಆಮೇಲೆ ಕೂಗುತ್ತಿದ್ದಳು. ಯೇಸಪ್ಪನ ಹೆಸರಲ್ಲಿ ಏಳು, ಬಿಡು, ಈ ಮನೆ ನಿನ್ನದಲ್ಲ ಅಂತ. ತಗಡು ನಡುಗುತ್ತಿತ್ತು.

ಮಾಡಿನ ಮೇಲೆ ಏನು ನೋಡುತ್ತೀ ಅಂತ ಒಮ್ಮೆ ಕೇಳಿದೆ.

"ಹಿಂಡು ಕುಂತಿರತೈತಿ ತಮ್ಮಾ," ಅಂದಳು. "ಮುಖ ಇರಂಗಿಲ್ಲ, ಕೊಕ್ಕ ಇರಂಗಿಲ್ಲ. ಬರೀ ಕುಂತಿರತೈತಿ. ಕೂಗಿದ್ರ ಏಳತೈತಿ."

ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕನಸು ನೆನಪು ಮಾಡಿಕೊಳ್ಳುವವರ ಮುಖ ಇರುತ್ತದಲ್ಲ, ಹಾಗಿತ್ತು.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಆಕೆಯ ದನಿ ಒಡೆಯಿತು. ಮೊದಲು ಗೊಗ್ಗರು, ಆಮೇಲೆ ಗಾಳಿ ಮಾತ್ರ. ಬಳ್ಳಾರಿಯ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಕೂಗಿ ಕೂಗಿ ಒಳಗೆ ಗಂಟು ಕಟ್ಟಿದೆ ಅಂದರು. ಗಂಟು ತೆಗೆದರು. ಕೂಗಬಾರದು, ಜೋರಾಗಿ ಮಾತಾಡಬಾರದು, ಪಿಸುಮಾತು ಸಹ ಬೇಡ, ಸುಮ್ಮನಿದ್ದರೆ ದನಿ ಬರಬಹುದು ಅಂದರು. ಆಕೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ವೈರಿ ನನ್ನ ಕವಣೆ ಕಸಿದ ಅಂತ ಕೈಸನ್ನೆಯಲ್ಲಿ ತೋರಿಸಿದಳು. ಆಗ ಕಣ್ಣಲ್ಲಿ ನೀರಿತ್ತು.

ಅದೇ ದಿನಗಳಲ್ಲಿ ಆಕೆಯ ಸೊಸೆ ಗೀತಮ್ಮನಿಗೆ ಹೆರಿಗೆ ಆಯಿತು. ಮೊದಲ ಹೆರಿಗೆ. ಗಂಡು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ. ಗೀತಮ್ಮನಿಗೆ ಅದರ ಮುಖ ತೋರಿಸಲಿಲ್ಲ. ನಮ್ಮ ಕಡೆ ಹಾಗೆಯೇ. ಅಂಥ ಕೂಸನ್ನು ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ, ನಾಯಿ ನರಿ ಕೆದರದಂತೆ ಜಾಲಿಮುಳ್ಳು ಹೊದಿಸಿ ಬರುತ್ತಾರೆ. ಹೆಸರು ಇಡುವುದಿಲ್ಲ. ಎಲ್ಲಿ ಅಂತ ಹೆಂಗಸರಿಗೆ ಹೇಳುವುದಿಲ್ಲ. ಹೇಳಿದರೆ ತಾಯಿ ಅಲ್ಲಿಗೇ ಹೋಗಿ ಕೂರುತ್ತಾಳೆ, ಕೂಸಿನ ಜೀವ ಆಕೆಯನ್ನು ಹಿಂದಕ್ಕೆ ಎಳೆಯುತ್ತದೆ, ಮುಂದೆ ಹೊಟ್ಟೆ ನಿಲ್ಲುವುದಿಲ್ಲ ಅನ್ನುತ್ತಾರೆ. ನಾವು ವಿಶ್ವಾಸಿಗಳಾದಾಗ ತಾಯತ ಬಿಟ್ಟೆವು, ಹರಕೆ ಬಿಟ್ಟೆವು. ಇದನ್ನು ಬಿಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಮಾರೇಶ್ ಮತ್ತು ನಮ್ಮ ಸಭೆಯ ಹಿರಿಯ ಪಾಲಣ್ಣ ಇಬ್ಬರೇ ಹೋಗಿ ಬಂದರು.

ಆಸ್ಪತ್ರೆಯಿಂದ ಬಂದ ಮೇಲೆ ಗೀತಮ್ಮ ಮಾತು ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮುದ್ದೆ ಇಟ್ಟರೆ ಒಣಗುತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಗಳು ಹಾಸಿಗೆಯ ಕೆಳಗೆ ಸಿಕ್ಕವು. ಒಂದೇ ಮನೆಯಲ್ಲಿ ಅತ್ತೆಗೆ ದನಿಯಿಲ್ಲ, ಸೊಸೆಗೆ ಮಾತಿಲ್ಲ. ಮಾರೇಶ್ ಒಬ್ಬನೇ ಮಾತಾಡಿಕೊಂಡು ತಿರುಗುತ್ತಿದ್ದ.

ಗೀತಮ್ಮನ ಅಪ್ಪ ಕರಿಸಿದ್ದಪ್ಪ ಕೋಗಳಿಯವರು. ಅವರು ನಮ್ಮ ಸಭೆಯವರಲ್ಲ. ಮಗಳನ್ನು ನೋಡಿ ಹೋದವರು ತಿರುಗಿ ಬಂದು, ಇದು ಗಾಳಿ ಸೋಕಿದ್ದು, ಗಾಳಿ ಬಿಡಿಸುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದರು. ದಸರೆಗೆ ಮುಂಚಿನ ಮಾನಾಮಿ ಅಮಾಸೆಯ ದಿನ ಟೆಂಪೋ ತರುತ್ತೇನೆ ಅಂತ ಹೇಳಿದರು. ಅವರು ಕೆಟ್ಟವರಲ್ಲ. ಹೇಳುವಾಗ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಆದರೆ ಅಂಥ ಜಾಗದಲ್ಲಿ ಏನು ಮಾಡುತ್ತಾರೆ ಅಂತ ಅಂಜಿನಕ್ಕನಿಗೆ ಗೊತ್ತಿತ್ತು. ಕಂಬಕ್ಕೆ ಕಟ್ಟುತ್ತಾರೆ, ಬೇವಿನ ಬರಲು ಕಡ್ಡಿಯಲ್ಲಿ ಹೊಡೆಯುತ್ತಾರೆ. ಹೋಗಿ ಬಂದ ಒಬ್ಬಳ ಬೆನ್ನನ್ನು ಆಕೆಯೇ ಎಣ್ಣೆ ಹಚ್ಚಿ ತಿಕ್ಕಿದ್ದಳು. ಅಮಾಸೆಯೊಳಗೆ ಗೀತಮ್ಮ ಎದ್ದು ಮಾತಾಡಬೇಕು, ಇಲ್ಲದಿದ್ದರೆ ಟೆಂಪೋ ಬರುತ್ತದೆ. ಮನೆಯಲ್ಲಿ ಎಲ್ಲರ ತಲೆಯಲ್ಲೂ ಅದೊಂದೇ ಇತ್ತು.

ಸೈತಾನನೇ ಹೊಂಚು ಹಾಕಿ, ಮೊದಲು ಅಂಜಿನಕ್ಕನ ದನಿ ಕಿತ್ತು, ಆಮೇಲೆ ಮನೆಗೆ ಕೈ ಹಾಕಿದ್ದಾನೆ ಅಂದ ಪಾಲಣ್ಣ. ನಮಗೂ ಹಾಗೆಯೇ ಅನ್ನಿಸಿತ್ತು. ಸಭೆಯಲ್ಲಿ ಎಲ್ಲರೂ ಕೂಗಿ ಪ್ರಾರ್ಥನೆ ಮಾಡಿದೆವು. ಆದರೆ ಅಂಜಿನಕ್ಕನ ಕೂಗಿಗೆ ಏಳುವ ಹಿಂಡು ನಮ್ಮ ಕೂಗಿಗೆ ಏಳುತ್ತದೆಯೇ?

ಇಲ್ಲಿ ಕೊಟ್ರಸ್ವಾಮಿಯವರ ಸ್ಪೀಕರಿನ ವಿಷಯ ಹೇಳಬೇಕು. ಅವರು ಹಿಂದಿನ ವರ್ಷ ತಮಾಷೆಗೆ ಅಂಜಿನಕ್ಕನ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ಆಕೆಯ ದನಿ ಹೋದ ಮೇಲೆ, ಅದನ್ನು ಮೆಮೊರಿ ಚಿಪ್ಪಿಗೆ ಹಾಕಿಸಿ, ಬ್ಯಾಟರಿ ಸ್ಪೀಕರಿನಲ್ಲಿ ಹೊಲದ ನಡುವೆ ಇಟ್ಟರು. ಕಾಯುವವಳು ಮನೆಯಲ್ಲಿ, ಕೂಗು ಹೊಲದಲ್ಲಿ. ಮೊದಮೊದಲು ಹಕ್ಕಿಗಳು ಎದ್ದು ಓಡಿದವು. ಕೆಲವು ದಿನ ಕಳೆದ ಮೇಲೆ ಕೊಟ್ರಸ್ವಾಮಿ ಸ್ಪೀಕರ್ ಹೊತ್ತುಕೊಂಡು ಅಂಜಿನಕ್ಕನ ಮನೆಗೇ ಬಂದರು.

"ನಿನ್ನ ಕೂಗಿನ ಮ್ಯಾಲ ಕುಂತು ತಿನ್ನಾಕ ಹತ್ಯಾವ ನೋಡವಾ, ಗಿಳಿ," ಅಂದರು. "ನೀನ ಬಂದು ಸುಮ್ನ ನಿಂದ್ರು. ಕೂಗಬ್ಯಾಡ. ಮನುಷ್ಯಾಳು ಅಂತ ಒಂದು ಇದ್ರ ಸಾಕು."

ಆಕೆ ಮರುದಿನದಿಂದ ಹೋಗಿ ಅಟ್ಟಣಿಗೆಯ ಮೇಲೆ ಬಾಯಿ ಮುಚ್ಚಿಕೊಂಡು ನಿಂತಳು, ಒಂದು ಬಟ್ಟೆ ಬೀಸುತ್ತ. ಸ್ಪೀಕರ್ ಮನೆಯಲ್ಲೇ ಉಳಿಯಿತು. ಪಾಲಣ್ಣನ ಕಣ್ಣು ಅದರ ಮೇಲೆ ಬಿತ್ತು. ಕೊಟ್ಟೂರಿನ ಕೂಟದಲ್ಲಿ ಅಂಜಿನಕ್ಕ ಮಾಡಿದ ಪ್ರಾರ್ಥನೆ ಅವನ ಫೋನಿನಲ್ಲಿತ್ತು. ಅದನ್ನು ಚಿಪ್ಪಿಗೆ ಹಾಕಿಸಿ ಗೀತಮ್ಮನ ಬಾಗಿಲಿಗೆ ಕಟ್ಟಿದರೆ, ಇಡೀ ದಿನ ಆಕೆಯೇ ಹೋರಾಡಿದ ಹಾಗೆ ಆಗುತ್ತದಲ್ಲ ಅಂದ. ಅಂಜಿನಕ್ಕನ ಮುಖ ಅರಳಿತು. ಕೈ ಮುಗಿದಳು. ನಾನೇ ಚಿಪ್ಪನ್ನು ಮೊಬೈಲ್ ಅಂಗಡಿಯ ಅಮ್ಜದ್ ಹತ್ತಿರ ತೆಗೆದುಕೊಂಡು ಹೋದೆ. ಅವನು ಎರಡನ್ನೂ ಕಿವಿಗೆ ಹಚ್ಚಿ ಕೇಳಿದ.

"ಅಣ್ಣಾ, ಇದರಾಗ ಹಕ್ಕಿದು ಯಾವುದು, ದೆವ್ವದ್ದು ಯಾವುದು? ಒಂದ ತರ ಅದಾವಲ್ಲ."

ಹಳೆಯದೂ ಅದರಲ್ಲೇ ಇರಲಿ ಬಿಡು ಅಂದೆ. ಹೀಗೆ ಪ್ರಾರ್ಥನೆ ಮುಗಿದ ಮೇಲೆ ಹಕ್ಕಿ ಓಡಿಸುವ ಕೂಗು, ಅದು ಮುಗಿದ ಮೇಲೆ ಮತ್ತೆ ಪ್ರಾರ್ಥನೆ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಮನೆಯಲ್ಲಿ ಅಂಜಿನಕ್ಕನ ದನಿ ಏಳು, ಬಿಡು, ಹೋಗು ಅಂತ ಕೂಗುತ್ತಿತ್ತು. ಅಂಜಿನಕ್ಕ ಹೊಲದಿಂದ ಬಂದು, ಕೊರಳ ಮೇಲೆ ಕೈ ಇಟ್ಟುಕೊಂಡು, ಅಂಗಳದಲ್ಲಿ ಕೂತು ತನ್ನದೇ ದನಿ ಕೇಳುತ್ತಿದ್ದಳು. ಗೀತಮ್ಮ ಗೋಡೆ ಕಡೆಯೇ ತಿರುಗಿದ್ದಳು. ಕಿವಿಯ ಮೇಲೆ ಸೆರಗು ಎಳೆದುಕೊಂಡಳು. ವೈರಿಗೆ ತಾಗುತ್ತಿದೆ ಅಂದ ಪಾಲಣ್ಣ.

ಅಮಾಸೆಯ ಹಿಂದಿನ ದಿನ ಬೆಳಿಗ್ಗೆ ನಾನು ಕೊಟ್ರಸ್ವಾಮಿಯವರ ಹೊಲದ ಬದುವಿನಲ್ಲಿದ್ದೆ, ಮೇವು ತುಂಬಲು ಆಟೋ ತಂದಿದ್ದೆ. ಮಂಜು ಅಂದರೆ ಅಂಥ ಮಂಜನ್ನು ನಾನು ನೋಡಿರಲಿಲ್ಲ. ತೆನೆಗಳು ತೇಲುವ ಹಾಗೆ ಕಾಣುತ್ತಿದ್ದವು. ಅಂಜಿನಕ್ಕ ಅಟ್ಟಣಿಗೆಯ ಮೇಲೆ ನಿಂತಿದ್ದಳು, ಕಾಲಿಲ್ಲದವಳ ಹಾಗೆ. ಹಳ್ಳದ ಕಡೆಯಿಂದ ಆಕೆಯ ಕೂಗು ಕೇಳಿಸಿತು. ನಾನು ಬೆಚ್ಚಿದೆ. ಆಕೆ ಇಲ್ಲಿ ಬಾಯಿ ಮುಚ್ಚಿ ನಿಂತಿದ್ದಾಳೆ, ಕೂಗು ಅಲ್ಲಿಂದ ನಡೆದು ಬರುತ್ತಿದೆ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆಮೇಲೆ ಸಜ್ಜೆಯ ನಡುವಿನಿಂದ ಗೀತಮ್ಮ ಹೊರಗೆ ಬಂದಳು. ಕೂದಲು ಬಿಚ್ಚಿತ್ತು, ಸೀರೆ ಇಬ್ಬನಿಗೆ ತೊಯ್ದಿತ್ತು. ಕಂಕುಳಲ್ಲಿ, ಕೂಸನ್ನು ಎತ್ತಿಕೊಳ್ಳುವ ಹಾಗೆ, ಆ ಸ್ಪೀಕರ್. ಅದು ಇನ್ನೂ ಕೂಗುತ್ತಿತ್ತು.

ಅಟ್ಟಣಿಗೆಯ ಬುಡದಲ್ಲಿ ಅದನ್ನು ಇಳಿಸಿದಳು. ಆರಿಸಲು ಗುಂಡಿ ಹುಡುಕಿದಳು, ಸಿಗಲಿಲ್ಲ. ವೈರು ಹಿಡಿದು ಕಿತ್ತಳು. ಹೊಲ ಸುಮ್ಮನಾಯಿತು.

"ಅತ್ತಿ," ಅಂದಳು. ಎಷ್ಟೋ ದಿನ ಮಾತಾಡದ ನಾಲಿಗೆ ತಡವರಿಸುತ್ತಿತ್ತು. "ನನ್ನೊಳಗ ಯಾರೂ ಇಲ್ಲ. ನಾನೊಬ್ಬಾಕಿನ ಅದೀನಿ."

ಅಂಜಿನಕ್ಕ ಬೇಗ ಬೇಗ ಇಳಿದಳು. ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಆಮೇಲೆ ಒಂದು ದಿನ ಆಕೆ ನನಗೆ ಹೇಳಿದಳು, ಆ ಹೊತ್ತು ದನಿ ಇದ್ದಿದ್ದರೆ ಅಲ್ಲೇ ಹುಡುಗಿಯ ತಲೆ ಹಿಡಿದು ಕೂಗಿಬಿಡುತ್ತಿದ್ದೆ, ಮುಂದಿನ ಮಾತು ಹುಟ್ಟುತ್ತಲೇ ಇರಲಿಲ್ಲ ಅಂತ. ದನಿ ಇಲ್ಲದ್ದಕ್ಕೆ ಆಕೆ ಸುಮ್ಮನೆ ನೋಡುತ್ತ ನಿಂತಳು. ಅತ್ತೆ ಏನೂ ಅನ್ನದಿದ್ದಕ್ಕೆ ಗೀತಮ್ಮನೇ ಮಾತಾಡಬೇಕಾಯಿತು.

"ನನ್ನ ಕೂಸನ್ನ ಎಲ್ಲಿ ಇಟ್ಟೀರಿ?"

ಅಂಜಿನಕ್ಕ ಕೈಯಾಡಿಸಿದಳು, ನನಗೂ ಗೊತ್ತಿಲ್ಲ ಅಂತ. ಗೀತಮ್ಮ ನಂಬಲಿಲ್ಲವೇನೋ, ಆಕೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬದುವಿನ ಮೇಲೆ ಕೂತಳು. ಅಂಜಿನಕ್ಕ ಪಕ್ಕದಲ್ಲಿ ಕೂತು ಸೆರಗಿನಿಂದ ಆಕೆಯ ತಲೆ ಒರೆಸಿದಳು. ಗಿಳಿಗಳು ಬಂದು ಇಳಿದವು, ತಿಂದವು. ಆ ದಿನ ಅಂಜಿನಕ್ಕ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಮಾರೇಶನನ್ನೂ ಪಾಲಣ್ಣನನ್ನೂ ಕರೆಸಿದಳು. ಜಾಗ ತೋರಿಸಿ ಅಂತ ಸನ್ನೆ ಮಾಡಿದಳು. ಮಾರೇಶ್ ತಲೆ ತಗ್ಗಿಸಿದ. ಪಾಲಣ್ಣ ಬೇಡ ಅಂದ. ತಾಯಿಗೆ ಜಾಗ ತೋರಿಸಬಾರದು, ಹಿರಿಯರು ಸುಮ್ಮನೆ ಮಾಡಿದ್ದಲ್ಲ, ಈಗ ಮಾತಾಡಿದ್ದಾಳೆ, ಅಷ್ಟರಲ್ಲೇ ದೇವರನ್ನು ಸ್ತುತಿಸೋಣ, ಮತ್ತೆ ವೈರಿಗೆ ಬಾಗಿಲು ತೆಗೆಯುವುದು ಬೇಡ ಅಂದ. ಪಾಲಣ್ಣನಿಗೆ ಗೀತಮ್ಮನ ಮೇಲೆ ಪ್ರೀತಿ ಇತ್ತು. ಆ ಮಾತನ್ನು ಹೆದರಿಕೆಯಿಂದ ಹೇಳಿದ್ದು.

ಅಂಜಿನಕ್ಕ ಕೊರಳ ಬಟ್ಟೆ ಬಿಚ್ಚಿದಳು. ಡಾಕ್ಟರು ಬೇಡ ಅಂದ ಪಿಸುಮಾತಿನಲ್ಲಿ ಹೇಳಿದಳು.

"ಇದನ್ನ ನಿಮಗ ಕಲಿಸಿದ್ದು ಯಾರು ಪಾಲಣ್ಣಾ? ಯೇಸಪ್ಪನೋ, ಊರೋ?"

ಪಾಲಣ್ಣ ಮಾರೇಶನ ಕಡೆ ನೋಡಿದ.

"ಹಿಂಡು ಮಾಡಿನ ಮ್ಯಾಲ ಇದ್ದಿಲ್ಲ. ಈ ಹುಡುಗೀನ ಒಬ್ಬಾಕಿನ್ನ ಮಾಡಿ ಇಟ್ಟೀವಲ್ಲ, ಅಲ್ಲಿ ಕುಂತೈತಿ. ನಾವ ಜಾಗ ಕೊಟ್ಟೀವಿ."

ಅಷ್ಟು ಹೇಳುವುದರಲ್ಲಿ ಆಕೆಗೆ ಕೆಮ್ಮು ಬಂದು ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿತ್ತು. ಗೀತಮ್ಮ ಒಳಗಿಂದ ನೀರು ತಂದು ಕೊಟ್ಟಳು. ಹೆರಿಗೆ ಆದ ಮೇಲೆ ಆಕೆ ಎದ್ದು ಒಂದು ಕೆಲಸ ಮಾಡಿದ್ದು ಅಂದೇ ಮೊದಲು. ಪಾಲಣ್ಣ ಅದನ್ನು ನೋಡಿದ. ತನ್ನ ಚಪ್ಪಲಿ ಹುಡುಕುತ್ತ, ನಾಳೆ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದ.

ಅಮಾಸೆಯ ಬೆಳಿಗ್ಗೆ ಕರಿಸಿದ್ದಪ್ಪನವರ ಟೆಂಪೋ ಬಂತು. ಮನೆಗೆ ಬೀಗ ಇತ್ತು. ಅವರನ್ನು ಕರೆತರಲು ಪಾಲಣ್ಣ ನನ್ನನ್ನು ಅಲ್ಲಿ ಬಿಟ್ಟು ಹೋಗಿದ್ದ. ಮಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಅವರು ನನ್ನ ಮೇಲೆ ಸಿಟ್ಟಾದರು. ಬರ್ರಿ ಅಂತ ಅಷ್ಟೇ ಹೇಳಿ ಮುಂದೆ ನಡೆದೆ. ಹಳ್ಳದ ಆಚೆ ದಂಡೆಯಲ್ಲಿ ತಂಗಡಿ ಗಿಡಗಳು ಹಳದಿ ಹೂ ಬಿಟ್ಟು ನಿಂತಿದ್ದವು. ಮಂಜಿನಲ್ಲಿ ಆ ಹಳದಿ ಒಂದೇ ಬಣ್ಣ. ಗಿಡಗಳ ನಡುವೆ ನಮ್ಮವರು ನಿಂತಿದ್ದರು.

ಮಣ್ಣಿನ ಗುಡ್ಡೆ ತೀರಾ ಚಿಕ್ಕದು. ಮಳೆಗೆ ಅರ್ಧ ಕರಗಿತ್ತು. ಮೇಲೆ ಒಣಗಿದ ಜಾಲಿಮುಳ್ಳು. ಗೀತಮ್ಮ ಬರಿಗೈಯಲ್ಲಿ ಮುಳ್ಳು ತೆಗೆಯುತ್ತಿದ್ದಳು. ಕೈ ಗೀರಿ ರಕ್ತ ಬಂದಿತ್ತು. ನಾಯಿ ಬರ್ತಾವು, ಮುಳ್ಳು ಇರಲಿ ಅಂದ ಮಾರೇಶ್. ಆಕೆ ಕೇಳಲಿಲ್ಲ. ಕರಿಸಿದ್ದಪ್ಪ ಬಂದು ನಿಂತು ಎಲ್ಲವನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆವು. ಮಗಳು ತಲೆ ಎತ್ತಿ ಅವರನ್ನು ನೋಡಿದಳು.

"ಅಪ್ಪಾ, ನಿನ್ನ ಮೊಮ್ಮಗ," ಅಂದಳು.

ಅವರು ಚಪ್ಪಲಿ ಕಳಚಿದರು. ಸುಮ್ಮನೆ ಹಳ್ಳಕ್ಕೆ ಇಳಿದು, ಒಂದು ಚಪ್ಪಟೆ ಕಲ್ಲು ಹೊತ್ತು ತಂದು ಗುಡ್ಡೆಯ ಪಕ್ಕ ಇಟ್ಟರು. ಮತ್ತೆ ಇಳಿದರು. ಮಾರೇಶನೂ ಇಳಿದ, ಪಾಲಣ್ಣನೂ ಇಳಿದ, ಟೆಂಪೋ ಡ್ರೈವರೂ ಬಂದು ಒಂದು ಕಲ್ಲು ಹಿಡಿದ. ಮುಳ್ಳಿನ ಜಾಗದಲ್ಲಿ ಕಲ್ಲು ಕೂತವು. ನಾಯಿ ಕೆದರುವ ಹಾಗಿರಲಿಲ್ಲ. ಆ ಹೊತ್ತು ಹಳ್ಳದ ದಂಡೆಯ ಸುತ್ತ, ಮಂಜಿನೊಳಗೆ, ಎತ್ತರದ ಆಳುಗಳು ನಮ್ಮ ಕಡೆ ಬೆನ್ನು ಮಾಡಿ ಕಾವಲು ನಿಂತ ಹಾಗೆ ನನಗೆ ಕಂಡಿತು. ಕಣ್ಣು ಒರೆಸಿಕೊಂಡು ನೋಡಿದೆ, ಹಾಗೆಯೇ ಇತ್ತು. ಮಂಜೇ ಇರಬಹುದು. ನಾನು ಓದಿದವನಲ್ಲ, ನನಗೆ ಅದನ್ನು ಬಿಡಿಸಿ ಹೇಳಲು ಬರುವುದಿಲ್ಲ. ಹೆದರಿಕೆ ಮಾತ್ರ ಇರಲಿಲ್ಲ.

ಪ್ರಾರ್ಥನೆ ಮಾಡು ಅಂತ ಪಾಲಣ್ಣ ಅಂಜಿನಕ್ಕನಿಗೆ ಸನ್ನೆ ಮಾಡಿದ. ಆಕೆ ಗೀತಮ್ಮನ ಕಡೆ ನೋಡಿದಳು. ಹೆಸರು ಏನು ಅಂತ ಬೆರಳಿನಿಂದ ಗುಡ್ಡೆ ತೋರಿಸಿ ಕೇಳಿದಳು. ಗೀತಮ್ಮ ಮೊದಲೇ ಇಟ್ಟುಕೊಂಡಿದ್ದಳು, ಹೊಟ್ಟೆಯಲ್ಲಿರುವಾಗಲೇ. ಆನಂದ ಅಂದಳು. ಗಂಡನಿಗೂ ಅದನ್ನು ಹೇಳಿರಲಿಲ್ಲ. ಮಾರೇಶ್ ಕಲ್ಲಿನ ಮೇಲೆ ಕೂತು, ಗಂಡಸು ಅನ್ನುವುದನ್ನು ಮರೆತು, ಬಿಕ್ಕಿ ಬಿಕ್ಕಿ ಅತ್ತ.

ಟೆಂಪೋ ಖಾಲಿ ಹೋಯಿತು. ಗೀತಮ್ಮ ಪೂರ್ತಿ ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಡಾಕ್ಟರ ಮಾತ್ರೆಗಳನ್ನು ಈಗ ನುಂಗುತ್ತಾಳೆ. ಕೆಲವು ದಿನ ಮತ್ತೆ ಗೋಡೆ ಕಡೆ ತಿರುಗುತ್ತಾಳೆ. ಆಗ ಅಂಜಿನಕ್ಕ ಹೊಲಕ್ಕೆ ಹೋಗುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ. ಆಕೆಯ ದನಿ ಅರ್ಧ ಬಂದಿದೆ. ಪೂರ್ತಿ ಬರುವುದಿಲ್ಲ ಅಂದಿದ್ದಾರೆ.

ಆ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಅಂಜಿನಕ್ಕ ಸೊಸೆಯ ಗೀರಿದ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿದ್ದವು. ಇಷ್ಟು ವರ್ಷ ಮೂರು ಹೊಲದಾಚೆ ಕೇಳುತ್ತಿದ್ದ ಆಕೆಯ ಪ್ರಾರ್ಥನೆ ಒಂದು ಮಾರು ದೂರದಲ್ಲಿದ್ದ ನಮಗೆ ಕೇಳಲಿಲ್ಲ. ಏನು ಬೇಡಿದಳೋ ತಿಳಿಯದು. ತುಟಿ ನಿಂತ ಮೇಲೆ ನಾವೆಲ್ಲ ಸುಮ್ಮನೆ ಕಾದೆವು. ಗೀತಮ್ಮ, ಪಕ್ಕದಲ್ಲೇ ಇದ್ದವಳು, ಆಮೆನ್ ಅಂದಳು.